ಡಬ್ಬ ಬದಲಾಯಿತು, ಕಸದ ಬುಟ್ಟಿ ಮಾತ್ರ ಹಾಗೇ ಇದೆ

ಓದುಗರ ಪ್ರಶ್ನೆ:

ಮೂರು ತಿಂಗಳ ಹಿಂದೆ, ಮನೆಯಿಂದ ಪ್ಲಾಸ್ಟಿಕ್ ಓಡಿಸಿಯೇ ತೀರಬೇಕೆಂದು ಹಟ ಹಿಡಿದೆ. ಅಡುಗೆಮನೆಯಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಪ್ಲಾಸ್ಟಿಕ್ ಡಬ್ಬಗಳನ್ನು ಒಂದೇ ದಿನ ಹೊರಗೆ ಹಾಕಿ, ಗಾಜಿನ ಜಾಡಿಗಳ ಸೆಟ್ ತಂದೆ. ಬಿದಿರಿನ ಬ್ರಷ್ಷು, ಬಿದಿರಿನ ನಾರಿನ ಲೋಟ, ಕಾಗದದ ತಟ್ಟೆ, 'ಮಣ್ಣಲ್ಲಿ ಕರಗುವ' ಕಸದ ಚೀಲ ಎಲ್ಲವೂ ಬಂದವು. ಬಾಗಿಲ ಹಿಂದೆ ಈಗ ಹನ್ನೊಂದು ಬಟ್ಟೆ ಚೀಲಗಳು ನೇತಾಡುತ್ತಿವೆ. ಇಷ್ಟಾದರೂ ಕಸದ ಬುಟ್ಟಿ ಮೊದಲಿನಷ್ಟೇ ತುಂಬುತ್ತದೆ. 'ಕಸಕ್ಕೆ ಹೊಸ ಬಟ್ಟೆ ತೊಡಿಸಿದೆ ಅಷ್ಟೇ' ಎಂದು ನಮ್ಮವರು ನಗುತ್ತಾರೆ. ಪ್ಲಾಸ್ಟಿಕ್ ಕವರುಗಳನ್ನು ತೊಳೆದು, ಒಣಗಿಸಿ, ಮಡಚಿಡುವ ಅತ್ತೆಯ ಮೇಲೆ ನಾನು ರೇಗಿದ್ದೂ ಉಂಟು. ಆ ಹಳೇ ಡಬ್ಬಗಳು ನಿಜಕ್ಕೂ ವಿಷವಾಗಿದ್ದವೇ? ಕರಗುವ ಚೀಲ ಕರಗುತ್ತದೆಯೇ? ಮರುಬಳಕೆ ಎನ್ನುವುದೇ ದೊಡ್ಡ ಸುಳ್ಳು ಎನ್ನುತ್ತಾರಲ್ಲ, ಹೌದೇ? ನಮ್ಮದು ನಾಲ್ಕು ಜನರ ಮನೆ, ಮಗಳಿಗೆ ಐದು ವರ್ಷ, ನಾನು ಕೆಲಸಕ್ಕೆ ಹೋಗುವವಳು. ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಇದಕ್ಕೆ ಕೊಡಲಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ:

ಮೊದಲು ಅತ್ತೆಯವರ ಬಳಿ ಹೋಗಿ ರಾಜಿ ಮಾಡಿಕೊಳ್ಳಿ. ನಿಮ್ಮ ಪತ್ರದಲ್ಲಿ ಬರುವವರ ಪೈಕಿ ನಿಜವಾಗಿ ಕಸ ಕಡಿಮೆ ಮಾಡುತ್ತಿರುವವರು ಅವರೊಬ್ಬರೇ. ಯಾಕೆಂದು ಮುಂದೆ ಹೇಳುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಸಿಕ್ಕುಹಾಕಿಕೊಂಡಿವೆ. ಪ್ಲಾಸ್ಟಿಕ್ಕಿನಿಂದ ಊಟಕ್ಕೆ ಏನಾದರೂ ಸೇರುತ್ತಿದೆಯೇ ಎಂಬುದು ಒಂದು. ಮನೆಯಿಂದ ಇಷ್ಟೊಂದು ಕಸ ಹೊರಗೆ ಹೋಗುತ್ತಿದೆಯಲ್ಲ ಎಂಬುದು ಇನ್ನೊಂದು. ಎರಡಕ್ಕೂ ಮದ್ದು ಬೇರೆಬೇರೆ. ನೀವು ಮೊದಲನೆಯದರ ಮದ್ದನ್ನು ಎರಡನೆಯದಕ್ಕೆ ಹಚ್ಚಿದಿರಿ, ಗಾಯ ಮಾಯಲಿಲ್ಲ.

ಮನೆಗಳ ಕಸವನ್ನು ಟಾರ್ಪಾಲಿನ ಮೇಲೆ ಸುರಿದು, ಬಗೆಬಗೆಯಾಗಿ ಬೇರ್ಪಡಿಸಿ, ತೂಗಿ ಬರೆದುಕೊಳ್ಳುವುದು ನನ್ನ ಕಸುಬಿನ ಅರ್ಧ ಭಾಗ. ಇಷ್ಟು ವರ್ಷಗಳಲ್ಲಿ ಆ ಟಾರ್ಪಾಲಿನ ಮೇಲೆ ಅಡುಗೆಮನೆಯ ಡಬ್ಬ ಕಂಡದ್ದು ಬಹಳ ಕಡಿಮೆ. ಕಾಣುವುದು ಸಿಪ್ಪೆ, ಉಳಿದ ಊಟ, ತೆಳ್ಳನೆಯ ಕವರು, ತಿಂಡಿಯ ಪೊಟ್ಟಣ, ಒರೆಸಿ ಎಸೆದ ಕಾಗದ, ಮತ್ತು ಇವನ್ನೆಲ್ಲ ಕಟ್ಟಿ ಹೊರಗೆ ಸಾಗಿಸಲೆಂದೇ ತಂದ ಇನ್ನೊಂದು ಚೀಲ. ಕಪಾಟಿನಲ್ಲಿ ಕೂತ ಪ್ಲಾಸ್ಟಿಕ್ ಒಂದು ಜಾತಿ, ಮನೆಯೊಳಗೆ ಬಂದು ನಾಲ್ಕು ದಿನಕ್ಕೆ ಹೊರಗೆ ಹೋಗುವ ಪ್ಲಾಸ್ಟಿಕ್ ಬೇರೆ ಜಾತಿ. ಡಬ್ಬ ಹತ್ತು ವರ್ಷ ಕಪಾಟಿನಲ್ಲಿದ್ದರೆ ಆ ಹತ್ತು ವರ್ಷವೂ ಅದು ಕಸವಲ್ಲ. ನೀವು ಹೊರಗೆ ಹಾಕಿದ ದಿನವೇ ಅದು ಕಸವಾಯಿತು. ನಲ್ಲಿ ಹರಿಯುತ್ತಿರುವಾಗ ಅದನ್ನು ನಿಲ್ಲಿಸುವುದು ಬಿಟ್ಟು ತುಂಬಿದ ಕೊಡವನ್ನು ಒಡೆದ ಹಾಗಾಯಿತು ಇದು.

ಹೀಗೆಂದು ಬೇಸರ ಪಡಬೇಡಿ. ನನ್ನ ಬಳಿ ಬರುವ ಹತ್ತು ಪ್ರಶ್ನೆಗಳಲ್ಲಿ ಏಳೆಂಟು ಇದೇ ಕಥೆ. ಕಣ್ಣಿಗೆ ಬೀಳುವ ಪ್ಲಾಸ್ಟಿಕ್ಕಿನ ಮೇಲೆ ಸಿಟ್ಟು ಬರುವುದು ಸಹಜ. ಎಸೆದದ್ದು ಮರುದಿನ ಕಣ್ಣಿಗೆ ಬೀಳುವುದಿಲ್ಲವಲ್ಲ.

ಈಗ ಡಬ್ಬಗಳ ವಿಷಯ. ಅವು ವಿಷವೇ? ಯಾವ ಪ್ಲಾಸ್ಟಿಕ್, ಅದರೊಳಗೆ ಏನಿತ್ತು, ಎಷ್ಟು ಬಿಸಿಯಿತ್ತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಡಬ್ಬದ ತಳದಲ್ಲಿ ತ್ರಿಕೋನದೊಳಗೆ ಒಂದರಿಂದ ಏಳರವರೆಗಿನ ಒಂದು ಅಂಕಿ ಇರುತ್ತದೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘವೊಂದು ಈ ಪದ್ಧತಿ ತಂದಿತು. ಆ ಅಂಕಿ ಪ್ಲಾಸ್ಟಿಕ್ಕಿನ ಜಾತಿಯನ್ನಷ್ಟೇ ಹೇಳುತ್ತದೆ. ಬಾಣಗಳ ತ್ರಿಕೋನ ನೋಡಿ 'ಇದು ಮರುಬಳಕೆ ಆಗುತ್ತದೆ' ಎಂದುಕೊಳ್ಳುವವರೇ ಹೆಚ್ಚು, ಆ ಅರ್ಥ ಅದಕ್ಕಿಲ್ಲ. ಎರಡು ಮತ್ತು ಐದು, ಅಂದರೆ ಗಟ್ಟಿ ಪಾಲಿಥಿನ್ ಮತ್ತು ಪಾಲಿಪ್ರೊಪಿಲೀನ್, ಡಬ್ಬಗಳ ಮಟ್ಟಿಗೆ ಸಾಧು ಸ್ವಭಾವದವು. ಮೂರು ಪಿವಿಸಿ, ಅದನ್ನು ಮೆತ್ತಗಾಗಿಸಲು ಬೆರೆಸುವ ರಾಸಾಯನಿಕಗಳು ಎಣ್ಣೆ ಪದಾರ್ಥಕ್ಕೆ ಜಾರಬಲ್ಲವು. ಆರು ಪಾಲಿಸ್ಟೈರೀನ್, ಬಿಸಿ ಆಹಾರಕ್ಕೆ ಬೇಡ. ಏಳು 'ಇತರೆ'. ಹಳೆಯ ಕಾಲದ ಗಾಜಿನಂತೆ ಹೊಳೆಯುವ ಗಟ್ಟಿ ಪಾಲಿಕಾರ್ಬೊನೇಟ್ ಇದರಲ್ಲಿ ಸೇರುತ್ತದೆ. ಬಿಸ್ಫಿನಾಲ್ ಎ ಎಂಬ ರಾಸಾಯನಿಕ ಇರುವುದು ಇದರಲ್ಲೇ. ಶಿಶುಗಳ ಹಾಲಿನ ಬಾಟಲಿಯಲ್ಲಿ ಅದನ್ನು ಐರೋಪ್ಯ ಒಕ್ಕೂಟ 2011ರಲ್ಲಿ, ಅಮೆರಿಕ 2012ರಲ್ಲಿ ನಿಷೇಧಿಸಿದವು.

ಬಿಸಿ, ಎಣ್ಣೆ, ಹುಳಿ, ಗೀರು. ಈ ನಾಲ್ಕರಲ್ಲಿ ಯಾವುದು ಪ್ಲಾಸ್ಟಿಕ್ಕಿನ ಜೊತೆ ಸೇರಿದರೂ ಅದರಿಂದ ಆಹಾರಕ್ಕೆ ಸಾಗುವ ಅಂಶ ಹೆಚ್ಚುತ್ತದೆ. ನಾಲ್ಕೂ ಒಟ್ಟಿಗೆ ಸೇರುವ ಜಾಗ ಮೈಕ್ರೊವೇವ್. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂಪಾಗಿಟ್ಟಾಗಿನದಕ್ಕಿಂತ ಮೈಕ್ರೊವೇವಿನಲ್ಲಿ ಬಿಸಿ ಮಾಡಿದಾಗ ಪ್ಲಾಸ್ಟಿಕ್ ಪಾತ್ರೆಗಳು ಹೆಚ್ಚು ಸೂಕ್ಷ್ಮಕಣಗಳನ್ನು ಬಿಟ್ಟದ್ದು ಕಂಡಿತು. ಹಾಗಾಗಿ ಬಿಸಿ ಮಾಡುವುದಕ್ಕೆ ಗಾಜು ಅಥವಾ ಪಿಂಗಾಣಿ, ಬಿಸಿಬಿಸಿ ತುಂಬಿಡುವುದಕ್ಕೆ ಸ್ಟೀಲು. ಒಣ ಕಾಳು, ಹಿಟ್ಟು, ಸಕ್ಕರೆ ತಣ್ಣಗೆ ಕೂತಿರುವ ಐದನೇ ಅಂಕಿಯ ಡಬ್ಬಕ್ಕೆ ನೀವು ಹೆದರಬೇಕಾದ್ದೇನೂ ಇರಲಿಲ್ಲ. ಆ ಡಬ್ಬಗಳಲ್ಲಿ ಯಾವುದಾದರೂ ಇನ್ನೂ ಮೂಲೆಯಲ್ಲಿದ್ದರೆ ವಾಪಸ್ ಕರೆತನ್ನಿ. ಗೀರುಬಿದ್ದದ್ದು, ಜಿಡ್ಡು ಹಿಡಿದು ಅಂಟಂಟಾದದ್ದು ಮೊಳೆ, ದಾರ, ಮಗಳ ಕ್ರೇಯಾನ್ ತುಂಬಿಡಲು ಸಾಕು.

ಗಾಜಿನ ಜಾಡಿ ತಂದಿದ್ದೀರಿ, ಒಳ್ಳೆಯದೇ, ಇಪ್ಪತ್ತು ವರ್ಷ ಬಳಸಿ. ಆದರೆ ಅದು ಭಾರ, ಮಾಡುವುದಕ್ಕೆ ಕುಲುಮೆಯಲ್ಲಿ ಭಾರೀ ಶಾಖ ಬೇಕು, ಒಡೆದರೆ ಐದು ವರ್ಷದ ಮಗುವಿರುವ ಮನೆಯಲ್ಲಿ ಅಪಾಯ. ಕೆಳಗಿನ ಅರೆಯಲ್ಲಿ ಇಡಬೇಡಿ. ಉಪ್ಪಿನಕಾಯಿ, ಜಾಮು, ಸಾಸು ಬಂದ ಬಾಟಲಿಗಳನ್ನು ತೊಳೆದಿಟ್ಟುಕೊಂಡಿದ್ದರೆ ಹೊಸ ಸೆಟ್ಟು ಬೇಕಾಗಿಯೇ ಇರಲಿಲ್ಲ ಎಂದು ನಿಮ್ಮ ಅತ್ತೆ ಹೇಳಿರಬಹುದು. ಹೇಳಿದ್ದರೆ ಸರಿಯಾಗಿಯೇ ಹೇಳಿದ್ದಾರೆ.

ಬಾಗಿಲ ಹಿಂದಿನ ಹನ್ನೊಂದು ಚೀಲಗಳಿಗೆ ಬರೋಣ. ಇದರ ಇತಿಹಾಸ ಸ್ವಲ್ಪ ತಮಾಷೆಯದು. ನಾವು ಇಂದು ಬೈಯುವ ಹಿಡಿಕೆಯ ತೆಳು ಪ್ಲಾಸ್ಟಿಕ್ ಕೈಚೀಲವನ್ನು ರೂಪಿಸಿದ್ದು ಸ್ವೀಡನ್ನಿನ ಎಂಜಿನಿಯರ್ ಸ್ಟೆನ್ ಗುಸ್ತಾಫ್ ಟ್ಯುಲಿನ್. 1965ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಹಗುರ, ಗಟ್ಟಿ, ಮತ್ತೆ ಮತ್ತೆ ಬಳಸಬಹುದಾದ ಚೀಲ ಅದು. ಒಂದೇ ಸಲ ಬಳಸಿ ಎಸೆಯುವ ಚಾಳಿ ನಮ್ಮದು.

ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. ಹತ್ತಿ ಬೆಳೆಯಲು ಬೇಕಾದ ನೀರು, ಗೊಬ್ಬರ, ನೂಲು, ಸಾಗಾಟ ಎಲ್ಲ ಸೇರಿಸಿದರೆ, ಹವಾಮಾನದ ಮೇಲಿನ ಪರಿಣಾಮ ಒಂದನ್ನೇ ನೋಡಿದಾಗ ಸಾಮಾನ್ಯ ಹತ್ತಿ ಚೀಲವನ್ನು 52 ಸಲ ಬಳಸಿದರೆ ಒಂದು ಪ್ಲಾಸ್ಟಿಕ್ ಚೀಲಕ್ಕೆ ಸಮ. ಎಲ್ಲ ಬಗೆಯ ಪರಿಣಾಮಗಳನ್ನೂ ತೂಗಿದರೆ 7,100 ಸಲ! ಈ ಎರಡನೇ ಅಂಕಿ ಜಗತ್ತೆಲ್ಲ ಸುತ್ತಿ, 'ನೋಡಿ, ಬಟ್ಟೆ ಚೀಲವೇ ಮೋಸ' ಎನ್ನುವವರಿಗೆ ಅಸ್ತ್ರವಾಯಿತು. ಅದು ಅರ್ಧ ಮಾತು. 7,100 ಬಂದದ್ದು ಓಜೋನ್ ಪದರಕ್ಕೆ ಆಗುವ ಹಾನಿ ಎಂಬ ಒಂದೇ ಸಾಲಿನಿಂದ. ಮೇಲಾಗಿ ಬಿಸಾಡಿದ ಚೀಲ ಚರಂಡಿ ಕಟ್ಟುವುದು, ಸಮುದ್ರ ಸೇರುವುದು ಆ ಲೆಕ್ಕದೊಳಗೆ ಇರಲೇ ಇಲ್ಲ. ನಾನು ನಂಬುವುದು 52 ಎಂಬ ಅಂಕಿಯನ್ನು. ವಾರಕ್ಕೊಮ್ಮೆ ಪೇಟೆಗೆ ಹೋದರೆ ಒಂದು ಚೀಲಕ್ಕೆ ಒಂದು ವರ್ಷ. ಹನ್ನೊಂದು ಚೀಲವಿದ್ದರೆ ಅಷ್ಟೂ ಲೆಕ್ಕ ಸರಿಹೋಗಲು ಹನ್ನೊಂದು ವರ್ಷ. ಹನ್ನೆರಡನೆಯದು ಯಾರು ಪುಕ್ಕಟೆ ಕೊಟ್ಟರೂ ಬೇಡವೆನ್ನಿ.

ಮತ್ತೆ, ಚೀಲ ಇಲ್ಲದ್ದು ಯಾರ ಮನೆಯ ಸಮಸ್ಯೆಯೂ ಅಲ್ಲ. ಅದನ್ನು ಮರೆಯುವುದು ಸಮಸ್ಯೆ. ಎರಡು ಚೀಲ ನಿಮ್ಮ ಕೆಲಸದ ಬ್ಯಾಗಿನಲ್ಲಿ, ಎರಡು ಗಾಡಿಯಲ್ಲಿ, ಒಂದು ಚಪ್ಪಲಿ ಬಿಡುವ ಜಾಗದಲ್ಲಿ ಇರಲಿ. ಉಳಿದವನ್ನು ಕತ್ತರಿಸಿ ಒರೆಸುವ ಬಟ್ಟೆ ಮಾಡಿ, ಅದರ ಉಪಯೋಗ ಆಮೇಲೆ ಹೇಳುತ್ತೇನೆ.

ಕರಗುವ ಚೀಲದ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಈ ಹೆಸರಿನಲ್ಲಿ ಕನಿಷ್ಠ ಮೂರು ಬೇರೆಬೇರೆ ಸಾಮಾನು ಮಾರಾಟವಾಗುತ್ತವೆ. ಮಾಮೂಲಿ ಪಾಲಿಥಿನ್‌ಗೆ ಲೋಹದ ಲವಣ ಬೆರೆಸಿ, ಬಿಸಿಲಿಗೆ ಪುಡಿಯಾಗುವಂತೆ ಮಾಡಿದ್ದು ಒಂದು. ಅದು ಕರಗುವುದಿಲ್ಲ, ಚೂರಾಗುತ್ತದೆ. ಹೆಕ್ಕಬಹುದಾಗಿದ್ದ ಒಂದು ಚೀಲ ಹೆಕ್ಕಲಾಗದ ಸಾವಿರ ಚೂರಾಗುತ್ತದೆ. ಈ ಬಗೆಯದನ್ನು ಐರೋಪ್ಯ ಒಕ್ಕೂಟ 2021ರಿಂದ ಮಾರುಕಟ್ಟೆಗೆ ಬರದಂತೆ ತಡೆದಿದೆ. ಎರಡನೆಯದು ಮೆಕ್ಕೆಜೋಳದಂಥ ಬೆಳೆಯ ಸಕ್ಕರೆಯಿಂದ ಮಾಡುವ ಪಿಎಲ್‌ಎ. ಇದು ನಿಜವಾಗಿ ಗೊಬ್ಬರವಾಗುತ್ತದೆ, ಆದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖ ವಾರಗಟ್ಟಲೆ ನಿಲ್ಲುವ ದೊಡ್ಡ ಗೊಬ್ಬರ ಘಟಕದಲ್ಲಿ. ಮನೆಯ ಗೊಬ್ಬರದ ಬುಟ್ಟಿ ಅಷ್ಟು ಕಾಯುವುದಿಲ್ಲ. ಮನೆಯ ಗೊಬ್ಬರದಲ್ಲಿ ಹಾಕಿದ್ದ ಇಂಥ ಚಮಚವೊಂದನ್ನು ನಾನು ಒಂದು ವರ್ಷದ ಮೇಲೆ ತೆಗೆದು ತೊಳೆದೆ. ಊಟಕ್ಕೆ ಇಡಬಹುದಾಗಿತ್ತು. ಮೂರನೆಯದು ಮನೆ ಗೊಬ್ಬರದಲ್ಲೇ ಕರಗುವುದೆಂದು ಪರೀಕ್ಷೆಯಾಗಿ ಪ್ರಮಾಣಪತ್ರ ಪಡೆದದ್ದು, ಅದು ಇದೆ, ಆದರೆ ಮಿಕ್ಕೆರಡರಷ್ಟು ಸುಲಭಕ್ಕೆ ಸಿಗುವುದಿಲ್ಲ. ಚೀಲದ ಮೇಲೆ 'ಮನೆ ಗೊಬ್ಬರಕ್ಕೆ ಯೋಗ್ಯ' ಎಂಬರ್ಥದ ಪ್ರಮಾಣಪತ್ರದ ಗುರುತಿಲ್ಲದಿದ್ದರೆ ಅದನ್ನು ಸಾದಾ ಪ್ಲಾಸ್ಟಿಕ್ ಎಂದೇ ತಿಳಿಯಿರಿ. ಇನ್ನೊಂದು ಕಿರಿಕಿರಿ: ಪಿಎಲ್‌ಎ ಬಾಟಲಿಯೋ ಲೋಟವೋ ಮಾಮೂಲಿ ಪ್ಲಾಸ್ಟಿಕ್ಕಿನ ಜೊತೆ ಮರುಬಳಕೆಗೆ ಸೇರಿಬಿಟ್ಟರೆ ಆ ರಾಶಿಯನ್ನೂ ಕೆಡಿಸುತ್ತದೆ.

ಬಿದಿರಿನ ನಾರಿನ ಲೋಟದ ಬಗ್ಗೆ ಸ್ವಲ್ಪ ಗಂಭೀರವಾಗಿ ಹೇಳಬೇಕು. ಬಿದಿರಿನ ಪುಡಿ ತಾನಾಗಿ ಲೋಟವಾಗಿ ನಿಲ್ಲುವುದಿಲ್ಲ, ಅದನ್ನು ಹಿಡಿದಿಡುವುದು ಸಾಮಾನ್ಯವಾಗಿ ಮೆಲಮೈನ್ ಅಂಟು. ಅದರಲ್ಲಿ ಬಿಸಿ ಪಾನೀಯ ಹಾಕಿದರೆ ಮೆಲಮೈನ್, ಫಾರ್ಮಾಲ್ಡಿಹೈಡ್ ಎರಡೂ ಹೆಚ್ಚು ಪ್ರಮಾಣದಲ್ಲಿ ಹೊರಬರಬಹುದೆಂದು ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ 2019ರಲ್ಲಿ ಎಚ್ಚರಿಸಿತು. ವಿಷಕ್ಕೆ ಹೆದರಿ ಡಬ್ಬ ಎಸೆದ ಮನೆಯಲ್ಲಿ ಮಗಳು ಇದರಲ್ಲೇ ಬಿಸಿ ಹಾಲು ಕುಡಿಯುತ್ತಿದ್ದರೆ ಅದನ್ನು ಇಂದೇ ನಿಲ್ಲಿಸಿ. ಪೆನ್ಸಿಲ್ ಇಡಲು ಬಳಸಿ. ಬಿದಿರಿನ ಬ್ರಷ್ಷು ಇರಲಿ, ತೊಂದರೆಯಿಲ್ಲ. ಅದರ ಕೂದಲು ಹೆಚ್ಚಿನಂಶ ನೈಲಾನೇ, ಎಸೆಯುವ ಮುನ್ನ ಇಕ್ಕಳದಿಂದ ಕಿತ್ತುಬಿಡಿ. ನಾಲ್ಕು ಜನಕ್ಕೆ ವರ್ಷಕ್ಕೆ ಹದಿನಾರು ಬ್ರಷ್ಷು, ದಿನಕ್ಕೊಂದರಂತೆ ಕಸದ ಚೀಲ 365. ಮನೆಮಂದಿಯ ತಾಳ್ಮೆಯನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದು ಈ ಎರಡು ಅಂಕಿಗಳಲ್ಲೇ ಇದೆ.

ಕಾಗದದ ತಟ್ಟೆ, ಲೋಟಗಳ ಒಳಮೈಗೆ ನೀರು ಹೀರದಂತೆ ಪ್ಲಾಸ್ಟಿಕ್ ಪೊರೆ ಬಳಿದಿರುತ್ತಾರೆ. ಅದಿದ್ದರೆ ಗೊಬ್ಬರಕ್ಕೂ ಆಗದು, ಕಾಗದದ ಮರುಬಳಕೆಗೂ ಸುಲಭವಲ್ಲ. ತೊಳೆಯುವ ತಟ್ಟೆ ಮನೆಯಲ್ಲಿದೆಯಲ್ಲ.

ಇನ್ನು ಮರುಬಳಕೆ ಸುಳ್ಳೇ ಎಂಬ ಪ್ರಶ್ನೆ. 2017ರಲ್ಲಿ ಅಮೆರಿಕದ ಮೂವರು ಸಂಶೋಧಕರು ಪ್ರಕಟಿಸಿದ ಲೆಕ್ಕ ಇಂದಿಗೂ ಎಲ್ಲರೂ ಎತ್ತಿ ಹೇಳುವಂಥದ್ದು. 2015ರವರೆಗೆ ಜಗತ್ತು ತಯಾರಿಸಿದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಅದರಲ್ಲಿ ಕಸವಾದದ್ದು ಸುಮಾರು 630 ಕೋಟಿ ಟನ್. ಆ ಕಸದಲ್ಲಿ ಮರುಬಳಕೆಯಾದದ್ದು ಶೇ. 9, ಸುಟ್ಟದ್ದು ಶೇ. 12, ಮಿಕ್ಕ ಶೇ. 79 ಗುಂಡಿಯಲ್ಲೋ ಬಯಲಲ್ಲೋ ಬಿದ್ದಿದೆ. ಹಾಗೆಂದು ಮರುಬಳಕೆ ಸುಳ್ಳಲ್ಲ. ಎಲ್ಲ ಪ್ಲಾಸ್ಟಿಕ್ಕೂ ಆಗುತ್ತದೆ ಎಂಬ ನಂಬಿಕೆ ಸುಳ್ಳು.

ಒಂದನೇ ಅಂಕಿಯ ನೀರಿನ, ತಂಪು ಪಾನೀಯದ ಬಾಟಲಿ, ಎರಡನೇ ಅಂಕಿಯ ಶಾಂಪೂ, ಮಾರ್ಜಕದ ಡಬ್ಬಿ, ಇವಕ್ಕೆ ಗಿರಾಕಿ ಇದ್ದಾರೆ. ಐದನೆಯದಕ್ಕೆ ಕೆಲವು ಕಡೆ. ತಿಂಡಿ ಪೊಟ್ಟಣದ ಒಳಗೆ ಬೆಳ್ಳಿಯಂತೆ ಹೊಳೆಯುತ್ತದಲ್ಲ, ಅದರಲ್ಲಿ ಎರಡು ಮೂರು ಜಾತಿಯ ಪ್ಲಾಸ್ಟಿಕ್ಕೂ ಲೋಹದ ತೆಳು ಪದರವೂ ಬೆಸೆದಿರುತ್ತವೆ. ಅದನ್ನು ಬಿಡಿಸುವುದು ದುಬಾರಿ, ಯಾರೂ ಕೈಹಾಕುವುದಿಲ್ಲ. ಕಪ್ಪು ಪ್ಲಾಸ್ಟಿಕ್ ತಟ್ಟೆಯ ಕಥೆ ಇನ್ನೂ ವಿಚಿತ್ರ: ವಿಂಗಡಿಸುವ ಯಂತ್ರ ಅತಿಗೆಂಪು ಬೆಳಕು ಹಾಯಿಸಿ ಜಾತಿ ಗುರುತಿಸುತ್ತದೆ, ಕಪ್ಪು ಬಣ್ಣದ ಮಸಿ ಆ ಬೆಳಕನ್ನೆಲ್ಲ ನುಂಗಿಬಿಡುತ್ತದೆ, ಯಂತ್ರಕ್ಕೆ ಅಲ್ಲೇನೂ ಕಾಣುವುದೇ ಇಲ್ಲ. ಜೊತೆಗೆ ಪ್ಲಾಸ್ಟಿಕ್ ಒಂದೆರಡು ಸಲ ಕರಗಿಸಿದರೆ ಗುಣ ಕಳೆದುಕೊಳ್ಳುತ್ತದೆ. ಗಾಜು, ಅಲ್ಯೂಮಿನಿಯಂ ಹಾಗಲ್ಲ. ಹಳೆ ಅಲ್ಯೂಮಿನಿಯಂ ಕರಗಿಸುವುದಕ್ಕೆ ಅದಿರಿನಿಂದ ಹೊಸದು ಮಾಡುವಷ್ಟು ವಿದ್ಯುತ್ತು ಬೇಡ, ಶೇ. 95ರಷ್ಟು ಉಳಿತಾಯ. ಎರಡು ವಸ್ತುಗಳ ನಡುವೆ ಆಯ್ಕೆ ಇದ್ದಾಗ ಇದು ನೆನಪಿರಲಿ.

ನಿಮ್ಮ ಕೈಲಿರುವುದು ಒಂದೇ: ಕೊಡುವ ಪ್ಲಾಸ್ಟಿಕ್ ಚೊಕ್ಕಟವಾಗಿ, ಒಣಗಿ ಇರಬೇಕು. ಎಣ್ಣೆ ಸುರಿಯುವ ಒಂದು ಡಬ್ಬಿ ಒಂದು ಮೂಟೆ ಒಳ್ಳೆಯ ಕಾಗದವನ್ನು ಹಾಳು ಮಾಡುವುದನ್ನು ನೋಡಿ ನೋಡಿ ಸಾಕಾಗಿದೆ. ನಿಮ್ಮ ಅತ್ತೆ ಕವರು ತೊಳೆದು ಹಗ್ಗದ ಮೇಲೆ ನೇತುಹಾಕುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅವರ ಕೈಯಲ್ಲಿ ಒಂದು ಕವರು ಹತ್ತು ಸಲ ಓಡಾಡುತ್ತದೆ, ಕೊನೆಗೆ ಗುಜರಿಗೆ ಹೋದಾಗಲೂ ಯಾರೋ ಕೊಳ್ಳುವ ಸ್ಥಿತಿಯಲ್ಲಿರುತ್ತದೆ. ಮಾಂಸ, ಮೀನು ತಂದ ಕವರು ಮಾತ್ರ ಮತ್ತೆ ಆಹಾರಕ್ಕೆ ಬೇಡವೆಂದು ಹೇಳಿ. ಬಹುಶಃ ಅವರಿಗೆ ಗೊತ್ತೇ ಇರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಸ ಕಡಿಮೆಯಾಗಲೆಂದು ಪ್ಲಾಸ್ಟಿಕ್ ಸುಡಬೇಡಿ. ಪಿವಿಸಿ ಸೇರಿದ ಕಸ ಕಡಿಮೆ ಶಾಖದಲ್ಲಿ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಕೊಬ್ಬಿನಲ್ಲಿ ಕೂತು ವರ್ಷಗಟ್ಟಲೆ ಮೈ ಬಿಡುವುದಿಲ್ಲ.

ಸರಿ, ಬುಟ್ಟಿ ಯಾಕೆ ಅಷ್ಟೇ ತುಂಬುತ್ತಿದೆ? ವಿಶ್ವಬ್ಯಾಂಕ್ 2018ರಲ್ಲಿ ಪ್ರಕಟಿಸಿದ ಜಾಗತಿಕ ಕಸದ ವರದಿಯಲ್ಲಿ ಆಹಾರ ಮತ್ತು ಹಸಿರು ಕಸದ ಪಾಲು ಶೇ. 44, ಪ್ಲಾಸ್ಟಿಕ್ಕಿನದು ಶೇ. 12. ನಾನು ತೂಗಿದ ಮನೆಗಳಲ್ಲಿ ಹಸಿ ಕಸದ ಪಾಲು ಹಲವು ಸಲ ಅರ್ಧ ದಾಟಿದೆ. ಬುಟ್ಟಿಯ ಭಾರ, ನಾತ, ಸೋರುವಿಕೆ ಎಲ್ಲವೂ ಅದರದ್ದೇ. ಅದು ಸೋರುತ್ತದೆಂದೇ ಚೀಲ ಬೇಕು. ಎಸೆಯುವುದಕ್ಕಾಗಿಯೇ ದುಡ್ಡು ಕೊಟ್ಟು ತರುವ ಏಕೈಕ ಪ್ಲಾಸ್ಟಿಕ್ ಅದು. ಹಸಿ ಕಸವನ್ನು ಬೇರೆ ಮಾಡಿದ ದಿನ ಉಳಿದ ಒಣ ಕಸಕ್ಕೆ ಚೀಲವೇ ಬೇಡ, ಬರಿ ಬುಟ್ಟಿ ಸಾಕು. ವರ್ಷಕ್ಕೆ ಆ 365 ಚೀಲ ಉಳಿಯುವುದು ಹೀಗೆ. ನಿಮ್ಮ ಹತ್ತು ನಿಮಿಷ ಇಲ್ಲಿ ಖರ್ಚಾಗಲಿ.

ಹಸಿ ಕಸ ಗುಂಡಿಯಲ್ಲಿ, ಗಾಳಿಯಿಲ್ಲದ ಕಡೆ ಕೊಳೆತರೆ ಮೀಥೇನ್ ಅನಿಲ ಹುಟ್ಟುತ್ತದೆ. ನೂರು ವರ್ಷದ ಅವಧಿಯಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಗಾಳಿಯಾಡುವ ಕಡೆ ಅದೇ ಸಿಪ್ಪೆ ಗೊಬ್ಬರವಾಗುತ್ತದೆ. ವ್ಯತ್ಯಾಸ ಗಾಳಿಯದ್ದು, ಹಾಗಾಗಿ ವಿಧಾನವೆಲ್ಲ ಗಾಳಿಯ ಸುತ್ತಲೇ ಇದೆ. ತಳದಲ್ಲೂ ಪಕ್ಕದಲ್ಲೂ ತೂತು ಮಾಡಿದ ಯಾವುದೇ ಬಕೆಟ್ಟು ಸಾಕು, ಮುರಿದ ಹಿಡಿಕೆಯದ್ದಾದರೂ ಆದೀತು. ಕೆಳಗೆ ಒಣಗಿದ ಎಲೆ ಅಥವಾ ಹರಿದ ರಟ್ಟು ನಾಲ್ಕು ಬೆರಳು. ಅದರ ಮೇಲೆ ದಿನದ ಸಿಪ್ಪೆ, ಸಣ್ಣದಾಗಿ ಹೆಚ್ಚಿದ್ದರೆ ಬೇಗ. ಪ್ರತಿ ಸಲವೂ ಅದರ ಎರಡರಷ್ಟು ಒಣ ಎಲೆಯನ್ನೋ ಮರದ ಹೊಟ್ಟನ್ನೋ ಮುಚ್ಚಬೇಕು. ಜೀವಾಣುಗಳಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲು ಇಂಗಾಲ ಬೇಕು, ಸಿಪ್ಪೆಯಲ್ಲಿ ಅಷ್ಟು ಇಂಗಾಲವಿಲ್ಲ, ಒಣ ಎಲೆಯಲ್ಲಿದೆ. ವಾರಕ್ಕೆ ಎರಡು ಸಲ ಕೋಲಿನಿಂದ ಮಗುಚಿ. ಹಿಡಿಯಷ್ಟು ತೆಗೆದು ಹಿಂಡಿದರೆ, ಹಿಂಡಿ ಕೊಡವಿದ ಬಟ್ಟೆಯಷ್ಟು ತೇವ ಇರಬೇಕು. ನೀರು ತೊಟ್ಟಿಕ್ಕಿದರೆ ಒಣ ಎಲೆ ಹಾಕಿ, ಪುಡಿಪುಡಿಯಾದರೆ ನೀರು ಚಿಮುಕಿಸಿ.

ನಾತ ಬಂದರೆ ಗೊಬ್ಬರ ಮಾಡುವುದನ್ನು ಬಿಡುವವರೇ ಹೆಚ್ಚು. ನಾತ ಒಂದು ಸುದ್ದಿ, ಅದನ್ನು ಓದಬೇಕು. ಕೊಳೆತ ಮೊಟ್ಟೆಯ ವಾಸನೆಯಾದರೆ ಗಾಳಿ ಸಾಲದು, ಮಗುಚಿ. ಮೂಗು ಚುರುಗುಟ್ಟುವ ಅಮೋನಿಯಾ ಘಾಟಾದರೆ ಸಿಪ್ಪೆ ಹೆಚ್ಚಾಗಿದೆ, ಒಣ ಎಲೆ ಸೇರಿಸಿ. ಹಣ್ಣಿನ ನೊಣ ಎದ್ದರೆ ಸಿಪ್ಪೆ ಬಯಲಾಗಿದೆ, ಮುಚ್ಚಿ. ಬಿಳಿ ಹುಳು ಕಂಡರೆ ಗಾಬರಿ ಬೇಡ, ಅವೂ ಕೂಲಿಗಳೇ. ಮಾಂಸ, ಮೂಳೆ, ಎಣ್ಣೆ ಹೆಚ್ಚಿರುವ ಪದಾರ್ಥ ಮೊದಲ ಆರು ತಿಂಗಳು ಬೇಡ, ಇಲಿ ಬರುತ್ತವೆ. ಎರಡು ಬಕೆಟ್ಟಿದ್ದರೆ ಒಂದು ತುಂಬಿ ಮಾಗುವಾಗ ಇನ್ನೊಂದು ನಡೆಯುತ್ತದೆ. ಎರಡು ಮೂರು ತಿಂಗಳಿಗೆ ಮಳೆಗೆ ನೆಂದ ಮಣ್ಣಿನ ವಾಸನೆ ಬರುವ ಕಪ್ಪು ಪುಡಿ ಸಿಗುತ್ತದೆ. ಗೊಬ್ಬರ ಮಾಡಲು ಜಾಗವೇ ಇಲ್ಲವೆಂದರೆ, ಹಸಿ ಕಸವನ್ನು ಬೇರೆಯಾಗಿ ಒಯ್ಯುವ ವ್ಯವಸ್ಥೆ ನಿಮ್ಮಲ್ಲಿದ್ದರೆ ಮುಚ್ಚಳದ ಬಕೆಟ್ಟಿನಲ್ಲಿ ಚೀಲವಿಲ್ಲದೆ ಕೊಡಿ, ತಳಕ್ಕೆ ಹಳೆ ಪತ್ರಿಕೆ ಹಾಸಿ.

ಗೊಬ್ಬರಕ್ಕಿಂತ ಒಂದು ಹೆಜ್ಜೆ ಹಿಂದಿನದು, ಊಟ ಕಸವಾಗದಂತೆ ನೋಡಿಕೊಳ್ಳುವುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರ ಎಸೆಯಿತು, ಅದರಲ್ಲಿ ಶೇ. 60 ಮನೆಗಳಿಂದಲೇ. ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚುವಂಥ ಒಂದು ಲೆಕ್ಕವನ್ನೂ ಇಲ್ಲಿ ಹೇಳಬೇಕು. ಸ್ವಿಟ್ಜರ್ಲೆಂಡಿನ ಎಂಪಾ ಸಂಶೋಧನಾ ಸಂಸ್ಥೆ ದೂರದಿಂದ ತಂದು ಮಾರುವ, ಪ್ಲಾಸ್ಟಿಕ್ ಸುತ್ತಿದ ಸೌತೆಕಾಯಿಯನ್ನು ಪರೀಕ್ಷಿಸಿತು. ಬಾಡಿ ಎಸೆದ ಒಂದು ಸೌತೆಕಾಯಿ ಪರಿಸರಕ್ಕೆ ಮಾಡುವ ಹಾನಿ 93 ಸೌತೆಕಾಯಿಗಳ ಪ್ಲಾಸ್ಟಿಕ್ ಸುತ್ತಿಗೆ ಸಮ ಎಂದು ಕಂಡಿತು. ಎಲ್ಲ ಪೊರೆಯೂ ದುಷ್ಟವಲ್ಲ. ಹತ್ತಿರದ್ದನ್ನು, ಬೇಕಾದಷ್ಟೇ, ಬಿಡಿಯಾಗಿ ತಂದು ಬೇಗ ತಿನ್ನುವುದಾದರೆ ಪೊರೆ ದಂಡ. ಹದಿನೈದು ದಿನಕ್ಕೊಮ್ಮೆ ತಂದು ಅರ್ಧ ಬಾಡಿಸುವ ಮನೆಯಲ್ಲಿ ಪೊರೆ ಬಿಟ್ಟದ್ದೇ ನಷ್ಟ. ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬದಲ್ಲಿಟ್ಟರೆ ಪೊರೆಯ ಕೆಲಸ ಆಗುತ್ತದೆ, ನಿಮ್ಮ ಹಳೇ ಪ್ಲಾಸ್ಟಿಕ್ ಡಬ್ಬ ಇಲ್ಲಿ ಚೆನ್ನಾಗಿ ಒದಗುತ್ತಿತ್ತು!

ಉಳಿದ ಬದಲಾವಣೆಗಳಲ್ಲಿ ನಾನು ಬೆಲೆ ಕೊಡುವುದು ದಿನವೂ ಎಸೆಯುವಂಥವಕ್ಕೆ. ಒರೆಸುವ ಕಾಗದದ ಜಾಗಕ್ಕೆ ಆ ಹೆಚ್ಚುವರಿ ಚೀಲಗಳನ್ನು ಕತ್ತರಿಸಿದ ಬಟ್ಟೆ ಬರಲಿ. ಪೊಟ್ಟಣದಲ್ಲಿ ಬರುವ ಒದ್ದೆ ಒರೆಸು ಬಟ್ಟೆಗಳನ್ನಂತೂ ಬಿಟ್ಟೇಬಿಡಿ. ಅವುಗಳಲ್ಲಿ ಬಹುಪಾಲು ಪಾಲಿಯೆಸ್ಟರ್ ನಾರು ಬೆರೆತದ್ದು, ಶೌಚಕ್ಕೆ ಹಾಕಿದರೆ ಕರಗುವುದಿಲ್ಲ. ಲಂಡನ್ನಿನ ವೈಟ್‌ಚಾಪೆಲ್ ಚರಂಡಿಯಲ್ಲಿ 2017ರಲ್ಲಿ ಕೊಬ್ಬೂ ಇಂಥ ಬಟ್ಟೆಗಳೂ ಸೇರಿ ಗಟ್ಟಿಯಾದ 250 ಮೀಟರ್ ಉದ್ದದ, 130 ಟನ್ ತೂಕದ ಗೆಡ್ಡೆ ಸಿಕ್ಕಿತ್ತು. ಅದನ್ನು ಒಡೆಯಲು ವಾರಗಳೇ ಹಿಡಿದವು. ದ್ರವ ಸೋಪಿನ ಪಂಪು ಬಾಟಲಿಗೆ ಬದಲು ಸೋಪಿನ ಬಿಲ್ಲೆ ತನ್ನಿ, ನೀರು ನಿಲ್ಲದ ತಟ್ಟೆಯಲ್ಲಿಡಿ, ಇಲ್ಲದಿದ್ದರೆ ಅರ್ಧ ಕರಗಿಯೇ ಹೋಗುತ್ತದೆ. ಪಾತ್ರೆ ತಿಕ್ಕುವ ಸ್ಪಂಜಿನ ಬದಲು ಗಿಡದ ನಾರು ಆಗುತ್ತದೆ. ಅದೂ ಸ್ಪಂಜಿನಂತೆಯೇ ರೋಗಾಣು ಸಾಕುತ್ತದೆ, ರಾತ್ರಿ ಹಿಂಡಿ ಗಾಳಿಗೆ ನೇತುಹಾಕಬೇಕು. ಮುಟ್ಟಿನ ಕಪ್ಪು ಎಸೆಯುವ ಪ್ಯಾಡುಗಳ ರಾಶಿಯನ್ನೇ ತಪ್ಪಿಸುತ್ತದೆ. ಪ್ರತಿ ತಿಂಗಳೂ ಕುದಿಸಬೇಕು, ಹನ್ನೆರಡು ಗಂಟೆ ಮೀರಿ ಒಳಗಿಡಬಾರದು. ಮೊದಲ ಎರಡು ಮೂರು ತಿಂಗಳು ರೂಢಿಯಾಗುವವರೆಗೆ ಕಷ್ಟ, ಮೈಗೆ ಒಗ್ಗದಿದ್ದರೆ ಬಟ್ಟೆಯ ಪ್ಯಾಡಿದೆ.

ಯಾರೂ ಕೇಳದ ಒಂದು ಪ್ಲಾಸ್ಟಿಕ್ ಇದೆ, ಅದು ನಿಮ್ಮ ಬಟ್ಟೆ ಬೀರುವಿನಲ್ಲಿದೆ. ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್ ಎಲ್ಲವೂ ಪ್ಲಾಸ್ಟಿಕ್ಕೇ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ 2017ರ ವರದಿಯ ಅಂದಾಜಿನಂತೆ ಸಣ್ಣ ಕಣಗಳಾಗಿಯೇ ಸಮುದ್ರ ಸೇರುವ ಪ್ಲಾಸ್ಟಿಕ್ಕಿನಲ್ಲಿ ಶೇ. 35 ಇಂಥ ಬಟ್ಟೆ ಒಗೆಯುವುದರಿಂದ, ಶೇ. 28 ಟೈರುಗಳ ಸವೆತದಿಂದ ಬರುತ್ತದೆ. ಹಾಗೆಂದು ಬೀರು ಖಾಲಿ ಮಾಡಬೇಡಿ, ದಯವಿಟ್ಟು! ಡಬ್ಬಗಳ ಕಥೆ ಮತ್ತೊಮ್ಮೆ ಬೇಡ. ಒಗೆಯುವ ಯಂತ್ರವನ್ನು ತುಂಬಿಸಿಯೇ ಓಡಿಸಿ, ತಣ್ಣೀರು, ಸಣ್ಣ ಅವಧಿ. ಕೊಳೆಯಾಗದ್ದನ್ನು ಗಾಳಿಗೆ ಹಾಕಿ ಮತ್ತೊಮ್ಮೆ ಉಡಿ.

ಎಲ್ಲಿಂದ ಶುರು ಎಂದಿರಲ್ಲ. ಬರುವ ಒಂದು ವಾರ ಏನನ್ನೂ ಕೊಳ್ಳಬೇಡಿ, ಏನನ್ನೂ ಎಸೆಯಬೇಡಿ ಎನ್ನುವುದಿಲ್ಲ, ಎಸೆಯುವುದನ್ನು ಬರೆಯಿರಿ. ಬುಟ್ಟಿಯ ಪಕ್ಕ ಒಂದು ಚೀಟಿ ಅಂಟಿಸಿ, ಯಾರು ಏನು ಹಾಕಿದರೂ ಒಂದು ಗೆರೆ. ಮಗಳಿಗೆ ಈ ಕೆಲಸ ಕೊಟ್ಟರೆ ಒಂದೂ ತಪ್ಪಿಸುವುದಿಲ್ಲ, ಅಪ್ಪನನ್ನೂ ಬಿಡುವುದಿಲ್ಲ. ವಾರದ ಕೊನೆಗೆ ಅತಿ ಹೆಚ್ಚು ಗೆರೆ ಬಿದ್ದ ಎರಡು ವಸ್ತುಗಳನ್ನಷ್ಟೇ ಆರಿಸಿಕೊಳ್ಳಿ. ಒಂದು ಹಸಿ ಕಸವೇ ಆಗಿರುತ್ತದೆ, ಇನ್ನೊಂದು ನಿಮ್ಮ ಮನೆಗೇ ವಿಶೇಷವಾದದ್ದು. ಒಬ್ಬರ ಮನೆಯಲ್ಲಿ ತಿಂಡಿ ಪೊಟ್ಟಣ, ಇನ್ನೊಬ್ಬರಲ್ಲಿ ಹೊರಗಿನಿಂದ ತರಿಸಿದ ಊಟದ ಡಬ್ಬಿ. ನನ್ನ ಮನೆಯಲ್ಲಿ, ಹೇಳಲು ನಾಚಿಕೆ, ಮನೆಗೇ ತರಿಸಿಕೊಂಡ ಪಾರ್ಸಲ್ಲುಗಳ ಗುಳ್ಳೆ ಪ್ಲಾಸ್ಟಿಕ್ಕಿನ ಗೆರೆಗಳೇ ಹೆಚ್ಚು ಬಿದ್ದಿದ್ದವು.

ಆ ಕರಗುವ ಚೀಲದ ಸುರುಳಿ ಇನ್ನೂ ಮುಗಿದಿಲ್ಲವಾದರೆ ಅದನ್ನೂ ಎಸೆಯಬೇಡಿ. ಪ್ಯಾಡು, ಬ್ಯಾಂಡೇಜಿನಂಥದ್ದನ್ನು ಕಟ್ಟಿ ಕೊಡಲು ಒಂದೊಂದಾಗಿ ಬಳಸಿ ಮುಗಿಸಿ, ಗೊಬ್ಬರದ ಬಕೆಟ್ಟಿಗೆ ಮಾತ್ರ ಹಾಕಬೇಡಿ.